ನೂರನೆಯ ಆಸೆ

ಹಳದಿ ಟೀ ಷರ್ಟು ಹೊಟ್ಟೆಯ ಹತ್ತಿರ ಹಿಡಿಯುತ್ತಿತ್ತು. ದೊಡ್ಡ ಅಳತೆಯದು ಮುಗಿದಿದೆ, ಬಂದ ಕೂಡಲೇ ಬದಲಾಯಿಸಿಕೊಡುತ್ತೇವೆ ಎಂದು ಸಂಸ್ಥೆಯವರು ಹೇಳಿ ಎರಡು ವರ್ಷವಾಗಿತ್ತು. ದೊಡ್ಡ ಕಾಯಿಲೆಯ ಮಕ್ಕಳಿಗೆಲ್ಲ ಕೇಳಿದ್ದನ್ನು ಕೊಡುವ ಸಂಸ್ಥೆಗೆ ಒಂದು ದೊಡ್ಡ ಷರ್ಟು ಹೊಂದಿಸಲು ಆಗಲಿಲ್ಲವಲ್ಲ ಎಂದು ಸಾಹೇಬರು ಮೂರನೆಯ ಮಹಡಿಯ ಮೆಟ್ಟಿಲು ಹತ್ತುತ್ತ ಅಂದುಕೊಂಡರು. ಎದೆಯ ಮೇಲಿದ್ದ ‘ಕೇಳು ಮಗು, ಕೊಡುತ್ತೇವೆ’ ಎಂಬ ಸಾಲು ಹೊಟ್ಟೆಯ ಏರಿನಲ್ಲಿ ಹಿಗ್ಗಿ, ‘ಕೊಡುತ್ತೇವೆ’ ಎಂಬುದು ಮಾತ್ರ ಬೀದಿಯ ಆ ಕಡೆಯಿಂದಲೂ ಓದುವ ಹಾಗೆ ಕಾಣುತ್ತಿತ್ತು. ನೀರು ಸರಬರಾಜು ಕಚೇರಿಯ ಮುಖ್ಯಸ್ಥರಾಗಿ ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಎಲ್ಲರೂ ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದರು. ಹೆಂಡತಿ ಕೂಡ ಹಾಗೇ ಕರೆಯುತ್ತಿದ್ದಳು, ಸಿಟ್ಟು ಬಂದಾಗ. ಬೆಳಿಗ್ಗೆ ಬಂದಿತ್ತು. ‘ಊರಿನ ಮಕ್ಕಳಿಗೆಲ್ಲ ಏನು ಬೇಕು ಏನು ಬೇಕು ಅಂತ ಕೇಳ್ಕೊಂಡು ಹೋಗ್ತೀರಿ ಸಾಹೇಬ್ರೇ, ಅಡುಗೆಮನೆ ನಲ್ಲಿ ತೊಟ್ಟಿಕ್ಕೋಕೆ ಶುರುವಾಗಿ ಮೂರು ವಾರ ಆಯ್ತು. ನೀರಿನ ಆಫೀಸಿನವರ ಮನೇದೇ ನಲ್ಲಿ. ನಾನೂ ಒಂದು ಫಾರಂ ತುಂಬ್ಲಾ?’ ಎಂದಿದ್ದಳು. ಸಾಹೇಬರು ನಕ್ಕು ಸುಮ್ಮನಾಗಿದ್ದರು. ನಗು ಅವರ ಆಸ್ತಿ. ನೀರು ಬಾರದ ಬಡಾವಣೆಯ ಜನ ಕೊಡ ಹಿಡಿದು ಮುತ್ತಿಗೆ ಹಾಕಿದಾಗಲೂ ಆ ನಗುವಿನಿಂದಲೇ ಅವರನ್ನು ಖಾಲಿ ಕೊಡದೊಂದಿಗೆ ವಾಪಸು ಕಳಿಸಿದ್ದವರು ಅವರು.

ಮುಂದೆ ಸಂಸ್ಥೆಯ ಇನ್ನೊಬ್ಬ ಸ್ವಯಂಸೇವಕಿ ಬೇಕರಿ ಅಕ್ಕ ಎರಡು ಕೈಯಲ್ಲೂ ಕೇಕಿನ ಡಬ್ಬಿ ಹಿಡಿದು ಹತ್ತುತ್ತಿದ್ದಳು. ಈ ಮಕ್ಕಳು ಹೊರಗಿನದ್ದು ಏನೂ ತಿನ್ನಬಾರದು ಎಂದು ಅವಳಿಗೆ ಗೊತ್ತು, ಆದರೂ ಪ್ರತಿಸಲ ತರುತ್ತಿದ್ದಳು. ಮನೆಮಂದಿ ಅದನ್ನು ಮಗುವಿನ ಕಣ್ಣಿಗೆ ಬೀಳದ ಹಾಗೆ ಬಾಗಿಲ ಮರೆಯಲ್ಲಿ ನಿಂತು ತಿಂದು ಮುಗಿಸುತ್ತಿದ್ದರು. ‘ಬರಿಗೈಲಿ ಹೋಗೋಕೆ ಕಾಲೇ ಬರಲ್ಲ ಸಾರ್’ ಎನ್ನುವಳು. ಕಣ್ಣೀರು ಅವಳಿಗೆ ಕಣ್ಣಂಚಿನಲ್ಲೇ ಇರುತ್ತಿತ್ತು. ಹಾಗಾಗಿ ಸಂಸ್ಥೆಯವರು ಅವಳನ್ನು ಯಾವಾಗಲೂ ತಂದೆತಾಯಿಯ ಜೊತೆ ಕೂರಿಸುತ್ತಿದ್ದರು. ಮಗುವಿನ ಜೊತೆ ಸಾಹೇಬರು. ಅದು ನಿಯಮ: ಒಬ್ಬರು ದೊಡ್ಡವರನ್ನು ಇನ್ನೊಂದು ಕೋಣೆಗೆ ಕರೆದೊಯ್ದು ಮಾತಿಗೆ ಹಿಡಿದಿಡಬೇಕು, ಇನ್ನೊಬ್ಬರು ಮಗುವಿನ ಆಸೆಯನ್ನು ಮಗುವಿನ ಬಾಯಿಂದಲೇ ಕೇಳಬೇಕು. ಇಲ್ಲವಾದರೆ ಮಗುವಿಗೆ ಗೊಂಬೆ ಬೇಕಿದ್ದಾಗ ಅಪ್ಪನಿಗೆ ಟೀವಿ ಬೇಕಾಗಿರುತ್ತದೆ. ‘ಬೇಡ’ ಅನ್ನಬಾರದು, ‘ಆದರೆ’ ಅನ್ನಬಾರದು, ಗಡಿಯಾರ ನೋಡಬಾರದು. ಫಾರಮ್ಮಿನಲ್ಲಿ ನಾಲ್ಕು ಕಾಲಂ ಇದ್ದವು: ಹೋಗಬೇಕು, ನೋಡಬೇಕು, ಪಡೆಯಬೇಕು, ಆಗಬೇಕು. ಜಗತ್ತಿನ ಯಾವ ಮಗುವಿನ ಯಾವ ಆಸೆಯೂ ಈ ನಾಲ್ಕರಲ್ಲಿ ಒಂದರಲ್ಲಿ ಕೂತೇ ಕೂರುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು, ಸಾಹೇಬರಿಗೆ ಆ ಮಾತು ಬಹಳ ಹಿಡಿಸಿತ್ತು. ಕೂರದಿದ್ದರೆ ಕೂರಿಸಬಹುದು. ಸೈಕಲ್ ಕೇಳಿದ ಹುಡುಗನನ್ನು ಅವರೇ ಮಾತಾಡಿಸಿ ಮಾತಾಡಿಸಿ ಸಮುದ್ರಕ್ಕೆ ತಂದಿದ್ದರು. ಸೈಕಲ್ ಎಲ್ಲರೂ ಕೊಡುತ್ತಾರೆ. ಸಮುದ್ರ ಅಂದರೆ ಫೋಟೋದಲ್ಲಿ ಹೇಗಿರುತ್ತದೆ! ಹುಡುಗ ಅಲೆಯಲ್ಲಿ ಕಾಲಿಟ್ಟು ನಿಂತ ಫೋಟೋ ಈಗಲೂ ಸಂಸ್ಥೆಯ ಕ್ಯಾಲೆಂಡರಿನಲ್ಲಿತ್ತು. ಫೋಟೋ ತೆಗೆದಾದ ಮೇಲೆ ಹುಡುಗ ಪ್ಯಾಂಟಿನ ಮರಳು ಕೊಡವುತ್ತ, ‘ಸೈಕಲ್ಲು ಮನೆಗೇ ಬರುತ್ತಾ?’ ಎಂದು ಕೇಳಿದ್ದ. ಕ್ಯಾಲೆಂಡರಿನಲ್ಲಿ ಅದು ಕೇಳಿಸುವುದಿಲ್ಲ.

ಇದು ಸಂಸ್ಥೆಯ ನೂರನೆಯ ಆಸೆ. ಹಿಂದಿನ ಸಂಜೆ ಅಧ್ಯಕ್ಷೆ ಫೋನು ಮಾಡಿದ್ದರು. ಊರಿನಲ್ಲಿ ಆರು ಕನ್ನಡಕದ ಅಂಗಡಿಯಿದ್ದ ಹೆಂಗಸು; ಮಾತಾಡುವಾಗ ಎದುರಿನವರ ನಂಬರು ಎಷ್ಟಿರಬಹುದು ಎಂದು ಅಳೆಯುವ ಹಾಗೆ ನೋಡುತ್ತಿದ್ದರು, ಫೋನಿನಲ್ಲೂ ಹಾಗೇ ಅನ್ನಿಸುತ್ತಿತ್ತು. ‘ನೂರನೇದು ಸಾರ್. ಅದಕ್ಕೇ ನಿಮ್ಮನ್ನ ಕಳಿಸ್ತಿರೋದು. ಸುಮ್ನೆ ಒಂದು ಮೊಬೈಲ್ ಬೇಕಂತೆ ಅಂತ ಬರ್ಕೊಂಡು ಬಂದುಬಿಡ್ಬೇಡಿ. ಹುಡುಗಿ ಸೋಮವಾರ ಅಡ್ಮಿಟ್ ಆಗ್ತಿದಾಳೆ, ಮೂಳೆಮಜ್ಜೆ ಕಸಿ. ಆರು ವಾರ ಗಾಜಿನ ಕೋಣೇಲಿ, ಯಾರೂ ಒಳಗೆ ಹೋಗೋ ಹಾಗಿಲ್ಲ. ಆಮೇಲೆ...’ ಎಂದು ಅವರು ನಿಲ್ಲಿಸಿದ್ದರು. ಆಮೇಲೆ ಎಂಬುದನ್ನು ಸಂಸ್ಥೆಯಲ್ಲಿ ಯಾರೂ ಮುಗಿಸುತ್ತಿರಲಿಲ್ಲ. ‘ದೊಡ್ಡದಾಗಿ ಯೋಚ್ನೆ ಮಾಡ್ಸಿ. ವಿಮಾನ, ಸಿನಿಮಾದವರು, ಏನಾದ್ರೂ. ನೂರು ಅಂದ್ರೆ ಜನರ ಕಣ್ಣಿಗೆ ಕಾಣ್ಬೇಕು.’

ಬಾಗಿಲು ತೆರೆದ ತಾಯಿ ಕೈಗೆ ಔಷಧಿನೀರು ಹಾಕಿ, ಮಾಸ್ಕು ಕೊಟ್ಟಳು. ಮಾಸ್ಕು ಹಾಕಿಕೊಂಡ ಕೂಡಲೇ ಸಾಹೇಬರಿಗೆ ಅರ್ಧ ಬಲ ಹೋದ ಹಾಗಾಯಿತು. ಅದರೊಳಗೆ ಎಷ್ಟು ನಕ್ಕರೂ ಹೊರಗೆ ದಮ್ಮು ಕಟ್ಟಿದ ಮನುಷ್ಯನ ಹಾಗೆ ಕಣ್ಣು ಮಾತ್ರ ಸಣ್ಣಗಾಗುತ್ತಿತ್ತು. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯ ತುಂಬ ಬೇರೆಯವರ ಮಕ್ಕಳ ಸಮವಸ್ತ್ರ. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಒಂದು ತೋಳು ಅರ್ಧಕ್ಕೆ ನಿಂತಿತ್ತು. ತಂದೆ ಬಸ್ಸು ಓಡಿಸುವವನು, ಪಾಳಿಯ ಮೇಲಿದ್ದ. ‘ಅವರೂ ಇರ್ಬೇಕು ಅಂತಿದ್ರು ಸಾರ್, ರಜ ಎಲ್ಲ ಸೋಮವಾರದಿಂದಾಚೆಗೆ ಇಟ್ಕೊಂಡಿದಾರೆ’ ಎಂದಳು ತಾಯಿ, ತಪ್ಪು ಒಪ್ಪಿಕೊಳ್ಳುವವಳಂತೆ. ‘ಅಯ್ಯೋ ಬಿಡಮ್ಮ, ನೀನೊಬ್ಬಳು ಸಾಕು’ ಎಂದು ಬೇಕರಿ ಅಕ್ಕ ಡಬ್ಬಿಯನ್ನು ಅವಳ ಕೈಗಿಟ್ಟಳು, ಇಡುವಾಗಲೇ ಅಳತೊಡಗಿದಳು. ತಾಯಿಯೇ ಅವಳ ಬೆನ್ನು ಸವರುತ್ತ ಅಡುಗೆಮನೆಗೆ ಕರೆದುಕೊಂಡು ಹೋದಳು.

ಒಳಕೋಣೆಯಲ್ಲಿ ಹುಡುಗಿ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದಳು. ಹನ್ನೊಂದು ವರ್ಷ. ತಲೆಗೆ ನೀಲಿ ಟೋಪಿ, ಹುಬ್ಬಿಲ್ಲದ ಮುಖ. ಹುಬ್ಬಿಲ್ಲದ್ದರಿಂದ ಅವಳು ಆಶ್ಚರ್ಯಪಡುತ್ತಿದ್ದಾಳೋ ಬೇಸರಪಡುತ್ತಿದ್ದಾಳೋ ಎಂದು ಹೇಳುವುದು ಕಷ್ಟವಾಗಿತ್ತು. ಮುಂದೆ ಚದುರಂಗದ ಮಣೆ. ಸಾಹೇಬರು ಕುರ್ಚಿ ಎಳೆದು ಕೂತು, ತರಬೇತಿಯಲ್ಲಿ ಹೇಳಿದ ಹಾಗೆ ಕಣ್ಣನ್ನು ಅವಳ ಕಣ್ಣಿನ ಎತ್ತರಕ್ಕೆ ತಂದುಕೊಂಡರು.

‘ನಾನು ಯಾರು ಗೊತ್ತಾ?’

‘ಗೊತ್ತು. ಆಸೆ ತಾತ. ವಾರ್ಡಿನಲ್ಲಿ ಎಲ್ಲರೂ ಹೇಳ್ತಾರೆ.’

ತಾತ. ತಲೆಗೆ ಬಣ್ಣ ಹಚ್ಚಿ ಇನ್ನೂ ಮೂರು ದಿನವಾಗಿರಲಿಲ್ಲ. ಸಾಹೇಬರು ಅದನ್ನು ಹೊಟ್ಟೆಗೆ ಹಾಕಿಕೊಂಡು, ಫಾರಂ ತೆಗೆದು, ಕಣ್ಣು ಮುಚ್ಚಿಕೋ ಎಂದರು. ಒಂದು ದೊಡ್ಡ ಬಾಗಿಲು ಇದೆ ಅಂದುಕೋ, ಅದನ್ನು ತೆಗೆದರೆ ನಿನಗೆ ಏನು ಬೇಕೋ ಅದು ಇದೆ, ವಿಮಾನದಷ್ಟು, ಆಕಾಶದಷ್ಟು ದೊಡ್ಡದಾದರೂ ಪರವಾಗಿಲ್ಲ, ಈಗ ಹೇಳು ಎಂದರು. ಹುಡುಗಿ ಕಣ್ಣು ಮುಚ್ಚಲಿಲ್ಲ.

‘ಯಾರಾದ್ರೂ ನನ್ನ ಜೊತೆ ಆಡಿ ನನ್ನನ್ನ ಸೋಲಿಸ್ಬೇಕು’ ಎಂದಳು.

‘ಗೆಲ್ಲಬೇಕು ಅಂತಾನಾ?’

‘ಅಲ್ಲ ತಾತ. ಗೆಲ್ಲೋದು ದಿನಾ ಇದ್ದದ್ದೇ. ಕಾಯಿಲೆ ಬಂದಾಗಿನಿಂದ ನಾನು ಒಂದಾಟಾನೂ ಸೋತಿಲ್ಲ. ಅಪ್ಪ ಆಡಿದ್ರೆ ಮಂತ್ರೀನ ತಂದು ತುತ್ತು ಇಟ್ಟ ಹಾಗೆ ನನ್ನ ಮುಂದೆ ಇಡ್ತಾರೆ. ಡಾಕ್ಟರು ಮೂರು ನಡೇಲಿ ಸೋತು ಚಪ್ಪಾಳೆ ತಟ್ಟಿದ್ರು. ನನ್ನ ಗೆಳತಿ ಇದಾಳಲ್ಲ, ಮುಂಚೆ ಸೋತ್ರೆ ಮಣೆ ಎತ್ತಿ ಎಸೀತಿದ್ಲು. ಈಗ ಅವಳೂ, ಅಯ್ಯೋ ಮತ್ತೆ ಗೆದ್ದೆ ಕಣೇ ಅಂತಾಳೆ. ಅವಳಮ್ಮ ಹೇಳ್ಕೊಟ್ಟು ಕಳ್ಸಿರ್ತಾರೆ.’

‘ಫೋನಿನಲ್ಲಿ ಆಡಬಹುದಲ್ಲ?’

‘ಆಡ್ತೀನಿ. ಫೋನಿಗೆ ನಂಗೆ ಕಾಯಿಲೆ ಅಂತ ಗೊತ್ತಿಲ್ಲ, ಚೆನ್ನಾಗೇ ಆಡುತ್ತೆ. ಆದ್ರೆ ಅದಕ್ಕೆ ಗೆಲ್ಲಬೇಕು ಅಂತಾನೂ ಇಲ್ಲ ಅಲ್ವಾ. ಮನುಷ್ಯರು ಬೇಕು. ನನ್ನನ್ನ ಸೋಲಿಸಲೇಬೇಕು ಅಂತ ಇರೋ ಮನುಷ್ಯರು. ಗಾಜಿನ ಕೋಣೆಗೆ ಹೋಗೋಕೆ ಮುಂಚೆ ಒಂದೇ ಒಂದಾಟ.’

ಸಾಹೇಬರ ಪೆನ್ನು ನಾಲ್ಕು ಕಾಲಮ್ಮಿನ ಮೇಲೂ ಒಂದೊಂದು ಕ್ಷಣ ನಿಂತು ಹೊರಟಿತು. ಹೋಗಬೇಕು ಅಲ್ಲ. ಪಡೆಯಬೇಕು, ಸೋಲನ್ನೇ? ಸಂಸ್ಥೆಯ ನೂರನೆಯ ಆಸೆ: ಸೋಲು. ವೇದಿಕೆಯ ಮೇಲಿನ ಬ್ಯಾನರು ಅವರ ಕಣ್ಣಿಗೆ ಕಟ್ಟಿತು. ಆಮೇಲೆ ಮುವ್ವತ್ತನಾಲ್ಕು ವರ್ಷ ಅರ್ಜಿಗಳನ್ನು ತಿದ್ದಿದ ಕೈ ತಾನಾಗಿಯೇ ದಾರಿ ಕಂಡುಕೊಂಡಿತು. ‘ಈಗ ನೋಡು ಪುಟ್ಟಾ, ದೇಶಕ್ಕೇ ದೊಡ್ಡ ಚದುರಂಗದ ಆಟಗಾರರು ಇದಾರೆ. ಅವರನ್ನೇ ನಿನ್ನ ಹತ್ರ ಕರ್ಕೊಂಡು ಬಂದ್ರೆ? ದೊಡ್ಡ ಹಾಲು, ದೊಡ್ಡ ಮಣೆ, ಆಳೆತ್ತರದ ಕಾಯಿ. ನೋಡಬೇಕು ಅಂತ ಬರ್ಕೊಳ್ಲಾ?’

‘ಅವರೂ ಸೋಲ್ತಾರೆ’ ಎಂದಳು ಹುಡುಗಿ. ‘ಫೋಟೋ ತೆಗೀತಾರಲ್ಲ, ಸೋಲಲೇಬೇಕು. ಕಾಯಿಲೆ ಹುಡುಗೀನ ಸೋಲಿಸಿದ್ರೆ ಪೇಪರಲ್ಲಿ ಏನಂತ ಹಾಕ್ತಾರೆ?’

ಅಷ್ಟರಲ್ಲಿ ಬೇರೆಯೇ ಏನೋ ಸಾಹೇಬರೊಳಗೆ ಎದ್ದು ಮೈ ಮುರಿಯುತ್ತಿತ್ತು. ಅವರ ಮನೆಯ ಗಾಜಿನ ಕಪಾಟಿನಲ್ಲಿ ಹನ್ನೊಂದು ಬೆಳ್ಳಿಬಣ್ಣದ ಕಪ್ಪುಗಳಿದ್ದವು, ಕಚೇರಿಯ ವಾರ್ಷಿಕ ಚದುರಂಗ ಪಂದ್ಯದವು. ಹನ್ನೊಂದು ವರ್ಷ ಸತತ ಮೊದಲ ಸ್ಥಾನ. ನಿವೃತ್ತಿಯ ದಿನ ಭಾಷಣ ಮಾಡಿದವರೆಲ್ಲ ಅದನ್ನು ಎತ್ತಿ ಆಡಿದ್ದರು: ಪೈಪಿನ ಜಾಲವನ್ನೂ ಚದುರಂಗದ ಮಣೆಯನ್ನೂ ಒಂದೇ ಹದ್ದಿನ ಕಣ್ಣಿನಿಂದ ನೋಡುವವರು ಎಂದು. ಹುಡುಗಿ ಕೇಳುತ್ತಿರುವ ಮನುಷ್ಯ ಅವಳ ಎದುರಿಗೇ ಕೂತಿದ್ದಾನೆ, ಪಾಪ ಅವಳಿಗೆ ಗೊತ್ತಿಲ್ಲ ಎಂದು ಅವರಿಗೆ ಕನಿಕರವಾಯಿತು. ನಾಜೂಕಾಗಿ ಸೋಲಿಸಬೇಕು. ತೀರಾ ಬೇಗ ಬೇಡ, ಇಪ್ಪತ್ತು ನಿಮಿಷ. ಆಮೇಲೆ ಅವಳು ಕಣ್ಣರಳಿಸಿದಾಗ ತಲೆ ಸವರಿ, ಈಗ ನಿನ್ನ ಆಸೆ ತೀರಿತು, ಇನ್ನು ಫಾರಮ್ಮಿಗೆ ಒಂದು ಹೇಳು ನೋಡೋಣ, ವಿಮಾನ ಅಂತ ಬರೆಯಲಾ, ಎಂದರಾಯಿತು. ಒಂದೇ ಏಟಿಗೆ ಎರಡು ಹಕ್ಕಿ.

‘ಕಾಯಿ ಜೋಡಿಸು’ ಎಂದರು ಸಾಹೇಬರು. ‘ಮುಟ್ಟಿದ ಕಾಯಿ ನಡೆಸಲೇಬೇಕು. ನಮ್ಮ ಆಫೀಸಿನ ನಿಯಮ.’

ಮೊದಲ ಆಟ ಹದಿನೈದು ನಿಮಿಷಕ್ಕೆ ಮುಗಿಯಿತು. ಹೇಗೆ ಮುಗಿಯಿತು ಎಂಬುದು ಸಾಹೇಬರಿಗೆ ಸರಿಯಾಗಿ ತಿಳಿಯಲಿಲ್ಲ. ಬಸ್ಸಿನಲ್ಲಿ ತೂಕಡಿಸಿ ಕಣ್ಣು ಬಿಟ್ಟಾಗ ಇಳಿಯುವ ನಿಲ್ದಾಣ ದಾಟಿಹೋಗಿರುವ ಹಾಗೆ, ನೋಡುತ್ತಾರೆ, ಅವರ ರಾಜ ಮೂಲೆಯಲ್ಲಿ ಇಬ್ಬರು ಕುದುರೆ ಸವಾರರ ನಡುವೆ ಸಿಕ್ಕಿಬಿದ್ದಿದ್ದಾನೆ. ಮಾಸ್ಕಿನೊಳಗೆ ಉಸಿರು ಬಿಸಿಯಾಯಿತು. ಹುಡುಗಿ ಗೆದ್ದವಳಂತೆ ಕಾಣಲಿಲ್ಲ. ಅಂಗಡಿಯಲ್ಲಿ ಹಳೆಯ ಮಾಲನ್ನೇ ಹೊಸ ಚೀಲದಲ್ಲಿ ಕೊಟ್ಟಾಗ ನೋಡುವ ಹಾಗೆ ಅವರನ್ನು ನೋಡಿದಳು.

‘ನೀವೂ ಬಿಟ್ಟುಕೊಟ್ರಿ.’

‘ಇಲ್ಲಮ್ಮ! ನಿಜವಾಗ್ಲೂ ಸೋತೆ.’

‘ಎಲ್ಲರೂ ಹಾಗೇ ಅಂತಾರೆ. ಅಪ್ಪ ಆಣೆ ಬೇರೆ ಮಾಡ್ತಾರೆ.’

‘ನಾನು ಬಿಟ್ಟುಕೊಡೋನಲ್ಲ. ಹನ್ನೊಂದು ವರ್ಷ ಚಾಂಪಿಯನ್ ನಾನು.’

‘ಹಾಗಾದ್ರೆ ಖಂಡಿತಾ ಬಿಟ್ಟುಕೊಟ್ರಿ’ ಎಂದು ಹುಡುಗಿ ಕಾಯಿಗಳನ್ನು ಡಬ್ಬಿಗೆ ತುಂಬತೊಡಗಿದಳು. ‘ಪರವಾಗಿಲ್ಲ ತಾತ. ವಿಮಾನ ಅಂತ ಬರ್ಕೊಳ್ಳಿ. ಅಮ್ಮನೂ ವಿಮಾನ ಹತ್ತಿಲ್ಲ.’

ಆಟ ಸೋತರೂ ಸಾಹೇಬರು ಗೆದ್ದಿದ್ದರು. ವಿಮಾನ, ನೂರನೆಯ ಆಸೆ, ಫೋಟೋ, ಎಲ್ಲವೂ ಅವರ ಪೆನ್ನಿನ ತುದಿಯಲ್ಲಿತ್ತು. ಬರೆದುಕೊಂಡು ಎದ್ದಿದ್ದರೆ ಆಗಿತ್ತು. ಆದರೆ ಸಾಹೇಬರ ಕೈ ಡಬ್ಬಿಗೆ ಅಡ್ಡ ಬಂತು. ‘ಇನ್ನೊಂದಾಟ’ ಎಂದರು, ಧ್ವನಿ ತಮಗೇ ಒರಟಾಗಿ ಕೇಳಿಸಿತು. ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡರು. ಮೊದಲ ಆಟದಲ್ಲಿ ಅದನ್ನು ಹಾಕಿಕೊಂಡಿರಲಿಲ್ಲ, ಅದೇ ಕಾರಣ ಇರಬೇಕು.

ಅಡುಗೆಮನೆಯಿಂದ ಬೇಕರಿ ಅಕ್ಕನ ಮಾತು ಕೇಳುತ್ತಿತ್ತು. ತನ್ನ ಅತ್ತೆ ಸಾಯುವಾಗ ಕೂಡ ಕೇಕು ಸರಿಯಾಗಿ ಉಬ್ಬಿಲ್ಲ ಎಂದೇ ಹೇಳಿ ಸತ್ತದ್ದು ಹೇಗೆ ಎಂದು ಹೇಳುತ್ತಿದ್ದಳು, ತಾಯಿ ನಗುತ್ತಿದ್ದಳು. ಸಾಹೇಬರು ಕುದುರೆ ಎತ್ತಿದರು, ಇಟ್ಟರು. ಹುಡುಗಿ ಯೋಚಿಸುತ್ತ ತುಟಿಯ ಒಣಗಿದ ಸಿಪ್ಪೆ ಕೀಳುತ್ತಿದ್ದಳು. ಅವಳು ಯೋಚಿಸುವ ರೀತಿ ನೋಡುತ್ತ ಸಾಹೇಬರಿಗೆ ಸೋಡಾಬುಡ್ಡಿಯ ನೆನಪಾಯಿತು, ದಪ್ಪ ಕನ್ನಡಕದ ಅವರ ಹಿರಿಯ ಗುಮಾಸ್ತ. ಹನ್ನೊಂದರಲ್ಲಿ ಏಳು ಫೈನಲ್ಲಿನಲ್ಲಿ ಅವನೇ ಎದುರಾಳಿ. ಆಟದ ಕೊನೆಕೊನೆಗೆ ಅವನು ಬಹಳ ಹೊತ್ತು ಯೋಚಿಸುತ್ತಿದ್ದ, ಹಣೆಯಲ್ಲಿ ಬೆವರು ಬರುವಷ್ಟು, ಆಮೇಲೆ ಮಂತ್ರಿಯನ್ನು ತಂದು ಸಾಹೇಬರ ಆನೆಯ ಬಾಯಿಗೆ ಇಟ್ಟು, ‘ಅಯ್ಯೋ, ನೋಡ್ಲೇ ಇಲ್ವಲ್ಲ ಸಾರ್’ ಎಂದು ಹಣೆ ಬಡಿದುಕೊಳ್ಳುತ್ತಿದ್ದ. ಗೆಲ್ಲುವ ದಾರಿ ಹುಡುಕಿ ದಣಿದ ಬೆವರು ಅದು ಎಂದು ಸಾಹೇಬರು ಇಷ್ಟು ವರ್ಷ ತಿಳಿದಿದ್ದರು. ಈಗ ಈ ಮಂಚದ ಪಕ್ಕದಲ್ಲಿ, ಹುಡುಗಿಯ ಒಂಟೆ ತಮ್ಮ ಎರಡು ಸಿಪಾಯಿಗಳ ಮೇಲೆ ಒಟ್ಟಿಗೆ ಕಣ್ಣಿಟ್ಟಿರುವುದು ಕಾಣುತ್ತಿದ್ದ ಹಾಗೇ, ಸೋಡಾಬುಡ್ಡಿ ಯೋಚಿಸುತ್ತಿದ್ದದ್ದು ಏನನ್ನು ಎಂಬುದು ಹೊಳೆಯಿತು. ನಂಬುವ ಹಾಗೆ ಸೋಲುವುದು ಗೆಲ್ಲುವುದಕ್ಕಿಂತ ಕಷ್ಟ. ಅವನು ಅದಕ್ಕೆ ಬೆವರುತ್ತಿದ್ದ. ತೀರಾ ಪೆದ್ದು ನಡೆ ಇಟ್ಟರೆ ಸಾಹೇಬರಿಗೆ ಅವಮಾನ, ಜಾಣ ನಡೆ ಇಟ್ಟರೆ ತನಗೆ ಅಪಾಯ. ತೆಪ್ಪಗೆ ಮಧ್ಯದಲ್ಲೊಂದು ದಾರಿ ಹುಡುಕುತ್ತ ಪಾಪದ ಮನುಷ್ಯ ಏಳು ವರ್ಷ ಕಣ್ಣು ಕಳೆದುಕೊಂಡ.

ಯಾಕೆ ಅಪಾಯ? ಸಾಹೇಬರೇನು ಹುಲಿಯೇ? ಅವರು ಒಂದು ಸಿಪಾಯಿ ಕಳೆದುಕೊಂಡರು. ಎರಡನೆಯ ವರ್ಷ, ಅಲ್ಲ, ಪಂದ್ಯ ಶುರುವಾದ ಮೊದಲ ವರ್ಷವೇ ಇರಬೇಕು, ಆ ಹನ್ನೊಂದು ಕಪ್ಪುಗಳಿಗೂ ಮುಂಚೆ, ಹೊಸದಾಗಿ ಸೇರಿದ್ದ ಟೈಪಿಸ್ಟ್ ಒಬ್ಬಳು ಹದಿನಾಲ್ಕು ನಡೆಯಲ್ಲಿ ಅವರನ್ನು ಕೆಡವಿದ್ದಳು. ಊಟದ ಕೋಣೆಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಿಕೊಂಡು ನೋಡುತ್ತಿದ್ದರು. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು, ಸಂತೋಷಕ್ಕೆ. ಸಾಹೇಬರೂ ನಕ್ಕಿದ್ದರು, ಎಲ್ಲರಿಗಿಂತ ಜೋರಾಗಿ. ಆಮೇಲಿನ ವಾರ ಊರಾಚೆಯ ಪಂಪ್‌ಹೌಸಿನಲ್ಲಿ ಟೈಪಿಂಗ್ ಕೆಲಸ ಬಾಕಿ ಬಿದ್ದಿದೆ ಎಂದು ಅವಳನ್ನು ಅಲ್ಲಿಗೆ ವರ್ಗ ಮಾಡಿದರು. ಆಡಳಿತದ ಅಗತ್ಯ. ಕಡತದಲ್ಲಿ ಹಾಗೇ ಬರೆದಿತ್ತು, ಅವರು ಕೂಡ ಅದನ್ನು ಕಡತದಲ್ಲಿ ಓದಿಯೇ ನಂಬಿದ್ದರು. ಪಂಪ್‌ಹೌಸಿನಲ್ಲಿ ಯಂತ್ರದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಎರಡು ಬಸ್ಸು ಬದಲಾಯಿಸಿ ಹೋಗಬೇಕಿತ್ತು. ಅವಳು ಒಮ್ಮೆ ಅರ್ಜಿ ಹಿಡಿದು ಬಂದಿದ್ದಳು, ಮಗುವಿಗೆ ಹಾಲು ಕುಡಿಸುವ ಹೊತ್ತಿಗೆ ಮನೆಗೆ ತಲುಪಲು ಆಗುತ್ತಿಲ್ಲ ಸಾರ್ ಎಂದು. ಸಾಹೇಬರು ನಗುತ್ತ, ನೋಡೋಣಮ್ಮ ಎಂದಿದ್ದರು. ಆ ವರ್ಷದಿಂದಾಚೆಗೆ ಕಚೇರಿಯಲ್ಲಿ ಅವರನ್ನು ಯಾರೂ ಸೋಲಿಸಲಿಲ್ಲ. ಯಾರೂ ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ, ಹೇಳುವ ಅಗತ್ಯ ಬಿದ್ದಿರಲಿಲ್ಲ.

‘ತಾತ, ನಿಮ್ಮ ನಡೆ.’

ಅವರು ಆನೆಯನ್ನು ಸರಸರನೆ ನಡೆಸಿ ಅವಳ ಕುದುರೆಯನ್ನು ಹೊಡೆದರು. ಹೊಡೆದ ಖುಷಿ ಎದೆಗೆ ಇಳಿಯುವಷ್ಟರಲ್ಲಿ ಅನಾಹುತ ಕಾಣಿಸಿತು. ತಮ್ಮ ಕೊನೆಯ ಸಾಲು ಕಾಯುತ್ತಿದ್ದದ್ದು ಆ ಆನೆಯೇ. ಈಗ ಅಲ್ಲಿ ರಾಜ ಒಬ್ಬನೇ, ಮುಂದೆ ಮೂರು ಸಿಪಾಯಿಗಳು ಗೋಡೆ ಕಟ್ಟಿದ ಹಾಗೆ ನಿಂತಿದ್ದಾರೆ, ಮಿಸುಕಲು ಜಾಗವಿಲ್ಲ. ಹುಡುಗಿ ತನ್ನ ಆನೆಯನ್ನು ನೇರ ಕೆಳಗಿಳಿಸಿದರೆ ಮುಗಿಯಿತು. ಅವಳ ಕಣ್ಣು ಇನ್ನೂ ಸತ್ತ ಕುದುರೆಯ ಮೇಲೇ ಇತ್ತು. ನೋಡಿಲ್ಲ. ಇಲ್ಲ, ಇನ್ನೂ ನೋಡಿಲ್ಲ. ಆಗ ತಾಯಿ ಒಳಗೆ ಬಂದಳು.

‘ಪುಟ್ಟಿ, ಹನ್ನೊಂದೂವರೆ ಗಂಟೆ ಮಾತ್ರೆ.’

ಹುಡುಗಿ ಗೋಡೆಯ ಕಡೆಗೆ ತಿರುಗಿ, ನೀರಿನ ಲೋಟ ಹಿಡಿದು, ತಲೆ ಎತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ದೊಡ್ಡ ಮಾತ್ರೆಯನ್ನು ಗಂಟಲಿಗೆ ಇಳಿಸಲು ಹೆಣಗಾಡುತ್ತಿದ್ದಳು. ತಾಯಿ ಅವಳ ಕತ್ತು ನೀವುತ್ತಿದ್ದಳು. ಸಾಹೇಬರ ಬೆರಳು, ಮುವ್ವತ್ತನಾಲ್ಕು ವರ್ಷ ಸಹಿ ಹಾಕಿದ ತೋರುಬೆರಳು, ಮೂಲೆಯ ಸಿಪಾಯಿಯನ್ನು ಒಂದು ಮನೆ ಮುಂದಕ್ಕೆ ತಳ್ಳಿತು. ಅಷ್ಟೇ. ರಾಜನಿಗೆ ಉಸಿರಾಡಲು ಒಂದು ಕಿಂಡಿ. ಮಾಡಿದ್ದು ಬೆರಳು; ಅವರು ಅದನ್ನು ನೋಡಿದರು, ಅಷ್ಟೇ, ಪಕ್ಕದ ಮನೆಯವರ ಕೆಲಸ ನೋಡುವ ಹಾಗೆ. ತಾಯಿ ಲೋಟ ತೆಗೆದುಕೊಂಡು ಹೋದಳು. ಹುಡುಗಿ ಬಾಯಿ ಒರೆಸಿಕೊಂಡು ಮಣೆಗೆ ತಿರುಗಿದಳು, ತಿರುಗಿದವಳು ಹಾಗೇ ನಿಂತಳು.

‘ಇದು ಇಲ್ಲಿರ್ಲಿಲ್ಲ.’

‘ಯಾವುದು?’

‘ಈ ಸಿಪಾಯಿ. ಹಿಂದಿನ ಮನೇಲಿತ್ತು.’

‘ಇಲ್ಲೇ ಇತ್ತಲ್ಲ. ಆಗಲೇ ನಡೆಸಿದ್ದೆ. ನೀನು ನೋಡಿಲ್ಲ.’

‘ನೋಡಿದ್ದೆ ತಾತ. ಅದು ಅಲ್ಲೇ ಇದ್ದಿದ್ದಕ್ಕೇ ನಾನು ಕುದುರೆ ಕೊಟ್ಟಿದ್ದು.’

‘ನಾನೇನು ಕಳ್ಳಾಟ ಆಡ್ತೀನಾ? ನನ್ನ ವಯಸ್ಸೇನು, ನಿನ್ನ ವಯಸ್ಸೇನು? ಹನ್ನೊಂದು ವರ್ಷ...’ ಸಾಹೇಬರಿಗೆ ತಮ್ಮ ಧ್ವನಿ ಕೋಣೆಗೆ ದೊಡ್ಡದಾಯಿತು ಅನ್ನಿಸಿತು. ಅವಳು ಕಳ್ಳಾಟ ಎಂಬ ಮಾತನ್ನೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಅವರೇ. ಬೇಕರಿ ಅಕ್ಕನೂ ತಾಯಿಯೂ ಬಾಗಿಲಿಗೆ ಬಂದು ನಿಂತಿದ್ದರು. ಬೇಕರಿ ಅಕ್ಕನ ಕೈಯಲ್ಲಿ ಅರ್ಧ ತಿಂದ ಕೇಕು.

ಹುಡುಗಿಯ ಮುಖದಲ್ಲಿ ಏನೋ ಆಗುತ್ತಿತ್ತು. ಸಾಹೇಬರು ಮೊದಲು ಅಳು ಎಂದುಕೊಂಡರು. ಅಳುವಲ್ಲ. ಕೆನ್ನೆ ಕೆಂಪಾಗಿ, ಒಣಗಿದ ತುಟಿ ಅಗಲವಾಗಿ, ಅವಳು ಮಂಚದ ಮೇಲೆ ಮಂಡಿಯೂರಿ ಎದ್ದಿದ್ದಳು.

‘ಅಮ್ಮಾ, ತಾತ ಮೋಸ ಮಾಡಿದ್ರು! ಸಿಪಾಯೀನ ತಳ್ಳಿದ್ರು! ನಾನು ಮಾತ್ರೆ ತಗೋಬೇಕಾದ್ರೆ!’

‘ಪುಟ್ಟಿ, ದೊಡ್ಡವರಿಗೆ ಹಾಗೆಲ್ಲ ಅನ್ನಬಾರ್ದು’ ಎಂದಳು ತಾಯಿ. ಅವಳ ಮುಖ ನೆಲಕ್ಕಿಳಿದಿತ್ತು.

‘ಸೋಲ್ಬೇಕು ಅನ್ನೋರು ಯಾಕಮ್ಮ ಮೋಸ ಮಾಡ್ತಾರೆ? ತಾತ ಗೆಲ್ಬೇಕು ಅಂತಿದಾರೆ. ನಿಜವಾಗ್ಲೂ ಗೆಲ್ಬೇಕು ಅಂತಿದಾರೆ.’

ಮುಂದಿನ ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುತ್ತ ಕೂಗಿಕೊಳ್ಳುತ್ತಿತ್ತು. ಆಗ ಬೇಕರಿ ಅಕ್ಕ, ಆಪತ್ತಿಗೆ ಆಗುವ ಒಳ್ಳೆಯ ಜೀವ, ಕೇಕನ್ನು ನುಂಗಿ ಮುಂದೆ ಬಂದಳು. ‘ಅಯ್ಯೋ, ಅವರೆಲ್ಲಿ ಮೋಸ ಮಾಡ್ತಾರೆ ಕಂದಾ! ನೀನು ನಗಲಿ ಅಂತ, ನಿನಗೆ ತಮಾಷೆ ಆಗಲಿ ಅಂತ ಬೇಕಂತ್ಲೇ ಮಾಡಿದ್ರು. ಅಲ್ವಾ ಸಾರ್?’ ಎಂದಳು. ಎಂಥ ಸೊಗಸಾದ ಬಾಗಿಲು. ಅದರ ಆಚೆಗೆ ಎಲ್ಲವೂ ಇತ್ತು: ತಾಯಿಯ ಕೃತಜ್ಞತೆ, ಬೇಕರಿ ಅಕ್ಕ ಊರೆಲ್ಲ ಹೇಳಿಕೊಂಡು ಬರುವ ಕಥೆ, ಮಗುವಿನ ಒಂದು ನಗುವಿಗಾಗಿ ಕಳ್ಳನ ವೇಷ ಹಾಕಿದ ಹಿರಿಯರು. ನೂರನೆಯ ಆಸೆಯ ಭಾಷಣಕ್ಕೆ ಇದಕ್ಕಿಂತ ಬೇಕೇ? ಸಾಹೇಬರ ತಲೆ ಆಗಲೇ ಹೌದು ಎನ್ನುವ ಹಾಗೆ ಅರ್ಧ ಬಾಗಿತ್ತು, ಮಾಸ್ಕಿನೊಳಗೆ ಹಳೆಯ ನಗು ಬಂದು ಕೂತಾಗಿತ್ತು.

ಹುಡುಗಿ ಅವರನ್ನೇ ನೋಡುತ್ತಿದ್ದಳು. ಕೆನ್ನೆಯ ಕೆಂಪು ನಿಧಾನವಾಗಿ ಇಳಿಯುತ್ತಿತ್ತು. ಅವಳು ಮಂಡಿಯಿಂದ ಕೂತುಕೊಂಡಳು. ಆಮೇಲೆ, ಸಾಹೇಬರು ನೋಡುತ್ತಿದ್ದ ಹಾಗೇ, ಅವಳು ತನ್ನ ಮುಖವನ್ನು ತಾನೇ ಸರಿ ಮಾಡಿಕೊಳ್ಳತೊಡಗಿದಳು, ದೊಡ್ಡವರಿಗೆ ಬೇಜಾರಾಗದ ಹಾಗೆ. ಬೇರೆಯವರ ದಯೆಯ ಕೆಳಗೆ ಬದುಕುವವರು ಸಿದ್ಧ ಇಟ್ಟುಕೊಂಡಿರುವ ಮುಖ ಅದು. ಅದನ್ನು ಅವರು ಎಷ್ಟು ಸಲ ನೋಡಿದ್ದರು, ಮೇಜಿನ ಈಚೆ ಕೂತು, ಎಷ್ಟು ವರ್ಷ! ‘ಓ, ತಮಾಷೆಗಾ’ ಎಂದಳು ಹುಡುಗಿ. ‘ಚೆನ್ನಾಗಿತ್ತು ತಾತ.’

ಸಾಹೇಬರಿಗೆ ಸಿಟ್ಟು ಬಂತು. ಒಳ್ಳೆಯತನ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ, ಸಿಟ್ಟೇ ಬಂದದ್ದು. ತಾವು ಇಷ್ಟು ಕಷ್ಟಪಟ್ಟು, ಬೆವರಿ, ಮಾನ ಬಿಟ್ಟು ಆಡಿದ ಆಟವನ್ನು ಈ ಹೆಂಗಸು ಒಂದು ತುಂಡು ಕೇಕಿನ ಹಾಗೆ ಮಗುವಿನ ಬಾಯಿಗೆ ಇಡುತ್ತಿದ್ದಾಳಲ್ಲ ಎಂದು.

‘ತಮಾಷೆಗಲ್ಲ’ ಎಂದರು.

‘ಸಾರ್...’ ಎಂದಳು ಬೇಕರಿ ಅಕ್ಕ.

‘ನೀವು ಸುಮ್ನಿರಿ ಸ್ವಲ್ಪ. ತಮಾಷೆಗಲ್ಲ ಕಣಮ್ಮ. ಗೆಲ್ಲೋಕೆ ಮಾಡ್ದೆ. ಆನೆ ಎತ್ತಿದ್ಮೇಲೆ ನೋಡ್ದೆ, ಹಿಂದಿನ ಸಾಲು ಖಾಲಿ. ನೀನು ಆ ಕಡೆ ತಿರುಗಿದೆ. ತಳ್ಳಿದೆ. ನೀನು ನೋಡಲ್ಲ ಅಂದುಕೊಂಡೆ.’ ಮಾಸ್ಕು ಉಸಿರಿಗೆ ಅಂಟಿ ಬಿಡುತ್ತಿತ್ತು. ‘ಮೊದಲ್ನೇ ಆಟಾನೂ ಬಿಟ್ಟುಕೊಟ್ಟಿಲ್ಲ. ಸೋತೆ. ನಂಗೆ ಆಟ ಬರಲ್ಲ. ಬರುತ್ತೆ ಅಂದುಕೊಂಡಿದ್ದೆ.’

ತಾಯಿಯ ಕೈ ಬಾಯಿಗೆ ಹೋಗಿತ್ತು. ಸೋಮವಾರ ಆಸ್ಪತ್ರೆಗೆ ಸೇರುವ ಮಗು ಮಾತ್ರೆ ನುಂಗುವಾಗ ಅದಕ್ಕೆ ಮೋಸ ಮಾಡಿದೆ ಎಂದು ಅದರ ಮನೆಯಲ್ಲೇ ಕೂತು ಹೇಳುವ ಈ ಮನುಷ್ಯನನ್ನು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಗಂಡ ಇದ್ದಿದ್ದರೆ ಇಷ್ಟು ಹೊತ್ತಿಗೆ ಮೆಟ್ಟಿಲ ಬಳಿ ಇರುತ್ತಿದ್ದರು ಸಾಹೇಬರು. ‘ಸಾರ್, ನೀವು ದಯವಿಟ್ಟು...’ ಎಂದು ಅವಳು ಶುರು ಮಾಡಿದಳು. ಬೇಕರಿ ಅಕ್ಕನ ಕಣ್ಣಲ್ಲಿ, ಎರಡು ವರ್ಷದಲ್ಲಿ ಮೊದಲ ಸಲ, ಒಂದು ಹನಿಯೂ ಇರಲಿಲ್ಲ. ಸಾಹೇಬರ ಷರ್ಟಿನ ಮೇಲಿನ ಅಕ್ಷರವನ್ನು ಈಗ ತಾನೇ ಓದುತ್ತಿರುವವಳ ಹಾಗೆ ನೋಡುತ್ತಿದ್ದಳು. ಇದು ಅಧ್ಯಕ್ಷೆಗೆ ತಲುಪುತ್ತದೆ, ಸಂಜೆಯೊಳಗೆ. ಇನ್ನು ಯಾವ ಮನೆಯ ಮೆಟ್ಟಿಲೂ ಹತ್ತುವ ಹಾಗಿಲ್ಲ. ಇದೆಲ್ಲ ಸಾಹೇಬರಿಗೆ ಅರ್ಥವಾಗುತ್ತಿತ್ತು, ದೂರದ ಕೋಣೆಯಲ್ಲಿ ಯಾರೋ ಬೇರೆಯವರ ಬಗ್ಗೆ ಮಾತಾಡುತ್ತಿರುವಂತೆ.

‘ಅಮ್ಮ, ಆಟ ಮುಗೀಲಿ. ಯಾರೂ ಮಾತಾಡ್ಬೇಡಿ’ ಎಂದಳು ಹುಡುಗಿ. ಆ ಧ್ವನಿಯಲ್ಲಿ ಕಾಯಿಲೆಯ ಮಗುವಿನ ವಿನಯ ಒಂದಿಷ್ಟೂ ಇರಲಿಲ್ಲ. ‘ಸಿಪಾಯೀನ ಹಿಂದಕ್ಕೆ ಇಡಿ ತಾತ.’

ಸಾಹೇಬರು ಸಿಪಾಯಿಯನ್ನು ಒಂದು ಮನೆ ಹಿಂದಕ್ಕೆ ಇಟ್ಟರು.

‘ಸರಿಯಾಗಿ. ಮನೆ ಮಧ್ಯಕ್ಕೆ.’

ಮಧ್ಯಕ್ಕೆ ಸರಿಸಿದರು. ಹುಡುಗಿ ಗಲ್ಲಕ್ಕೆ ಎರಡೂ ಕೈ ಕೊಟ್ಟು ಮಣೆಯ ಮೇಲೆ ಬಾಗಿದಳು. ಅವಳ ಕಣ್ಣು ಸತ್ತ ಕುದುರೆಯಿದ್ದ ಮನೆಯಿಂದ ಹೊರಟು ಒಂಟೆಗೆ ಹೋಯಿತು, ಒಂಟೆಯಿಂದ ಮಂತ್ರಿಗೆ, ಅಲ್ಲಿ ಬಹಳ ಹೊತ್ತು ನಿಂತಿತು. ಕುದುರೆ ಯಾಕೆ ಕೊಟ್ಟೆ ಎಂಬುದನ್ನು ಗಲಾಟೆಯಲ್ಲಿ ಮರೆತಿರಬಹುದೇ? ಮರೆಯಬಹುದು. ಮಗು ತಾನೇ. ಮಾತ್ರೆಗೆ ಮಂಪರೂ ಬರುತ್ತದೆ ಎನ್ನುತ್ತಾರೆ. ಸಾಹೇಬರು ಕುರ್ಚಿಯ ತುದಿಗೆ ಬಂದು ಕೂತು, ಇಷ್ಟು ವರ್ಷದಲ್ಲಿ ಏನನ್ನೂ ಇಷ್ಟು ಮನಸಾರೆ ಬಯಸಿರಲಿಲ್ಲವೇನೋ ಎನ್ನುವ ಹಾಗೆ, ಅವಳ ಕಣ್ಣು ಅವಳ ಆನೆಯ ಮೇಲೆ ಬೀಳದಿರಲಿ ಎಂದು ಬಯಸಿದರು.

ಬಿತ್ತು. ಹುಡುಗಿ ತಲೆ ಎತ್ತಿ, ಅವರ ಮುಖ ನೋಡಿ, ಅಲ್ಲಿದ್ದದ್ದನ್ನು ಪೂರ್ತಿ ಓದಿಕೊಂಡು, ಆಮೇಲೆ ನಿಧಾನವಾಗಿ, ಒಂದೊಂದೇ ಮನೆ ಎಣಿಸಿದ ಹಾಗೆ, ಆನೆಯನ್ನು ಕೆಳಗಿನವರೆಗೂ ಎಳೆದು ತಂದಳು.